ಪಟ್ಟಿ ಬರೆಯುತ್ತಲೇ ಬ್ಯಾಕಪ್: ಒಂದು ಅಡಿಕೆ ಮಂಡಿಯ ಕಂಪ್ಯೂಟರಿನ ಪ್ರಕರಣ

ಸಾಗರದ ಒಂದು ಅಡಿಕೆ ಮಂಡಿ. ಜನವರಿ 8. ಕೊಯ್ಲು ಮುಗಿಸಿ, ಬೇಯಿಸಿ, ಒಣಗಿಸಿದ ಅಡಿಕೆ ಹಳ್ಳಿಗಳಿಂದ ಇಳಿಯಲು ಶುರುವಾಗಿತ್ತು. ಮುಂಬಾಗಿಲ ಹತ್ತಿರ ತೂಕದ ಯಂತ್ರ, ಅದರ ಪಕ್ಕ ಮರದ ಮೇಜು, ಮೇಜಿನ ಮೇಲೆ ಕಂಪ್ಯೂಟರ್. ರಾಶಿ, ಬೆಟ್ಟೆ, ಗೊರಬಲು ಅಂತ ಒಂದೊಂದು ಲಾಟಿನ ತೂಕ, ದರ, ಹಮಾಲಿ ಎಲ್ಲ ಹಾಕಿ ರೈತರ ಕೈಗೆ ಕೊಡುವ ಪಟ್ಟಿ ಅದರಲ್ಲೇ ಆಗಬೇಕು. ಅಲ್ಲಿ ಲೆಕ್ಕ ಬರೆಯುವ ಅಕ್ಕ ಬೆಳಿಗ್ಗೆ ಒಂಬತ್ತೂವರೆಗೆ ಕೂತರೆ ಊಟಕ್ಕೆ ಮಾತ್ರ ಏಳುತ್ತಾರೆ.

ಕಂಪ್ಯೂಟರ್ ಆರು ವರ್ಷ ಹಳೆಯದು. ವಿಂಡೋಸ್ 10, 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್, ಇರುವುದು ಸಿ ಡ್ರೈವ್ ಒಂದೇ. ಸುಮಾರು 400 ಜಿಬಿ ತುಂಬಿತ್ತು, 60 ಜಿಬಿಯಷ್ಟು ಖಾಲಿ. ತುಂಬಾ ನಿಧಾನ ಆಗಿದೆ, ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ವೇಗದ ಡಿಸ್ಕ್) ಹಾಕಿಕೊಡು ಅಂತ ನನ್ನನ್ನು ಕರೆಸಿದ್ದರು. ಹಳೆಯ ಡಿಸ್ಕಿಗೆ ಕೈ ಹಚ್ಚುವ ಮೊದಲು ಪೂರ್ತಿ ಬ್ಯಾಕಪ್ ಬೇಕು ಅಂದೆ. ಕೊನೆಯ ಬ್ಯಾಕಪ್ ಯಾವಾಗ ಆಗಿತ್ತು ಅಂತ ಕೇಳಿದರೆ ಯಾರಿಗೂ ನೆನಪಿರಲಿಲ್ಲ.

"ಬ್ಯಾಕಪ್ ಮಾಡು, ಬೇಡ ಅನ್ನಲ್ಲ. ಆದ್ರೆ ಕಂಪ್ಯೂಟರ್ ನಿಲ್ಸೋಕೆ ಆಗಲ್ಲ ಮಾರಾಯ. ರೈತರು ಬಂದು ಕೂತಿರ್ತಾರೆ" ಅಂದರು ಯಜಮಾನರು. ಅವರ ಮಾತು ಸರಿಯೇ. ಮೇಲಾಗಿ 11ನೇ ತಾರೀಖಿನೊಳಗೆ ಮಾರಾಟದ ಜಿಎಸ್‌ಟಿ ವಿವರವಾದ ಜಿಎಸ್‌ಟಿಆರ್-1 ಸಲ್ಲಿಸಬೇಕಿತ್ತು. ರಾತ್ರಿ ಬಿಟ್ಟು ಹೋಗೋಣ ಅಂದರೆ, ಬಾಗಿಲು ಹಾಕುವಾಗ ಮೇನ್ ಸ್ವಿಚ್ ತೆಗೆಯುವುದು ಅಲ್ಲಿಯ ಪದ್ಧತಿ. ಅಂದಮೇಲೆ ಹಗಲಲ್ಲೇ, ಅಕ್ಕ ಪಟ್ಟಿ ಬರೆಯುತ್ತಿರುವಾಗಲೇ ಬ್ಯಾಕಪ್ ಆಗಬೇಕು.

ಆಗುತ್ತದಾ? ಈ ಪ್ರಶ್ನೆಯನ್ನು ನನಗೆ ಎಷ್ಟೋ ಜನ ಕೇಳಿದ್ದಾರೆ. ಆಗುತ್ತದೆ. ಹೇಗೆ ಆಗುತ್ತದೆ ಅನ್ನುವುದು ನಮಗೆ ಮೂರನೇ ಸಲಕ್ಕೆ ಸರಿಯಾಗಿ ಕೂತಿತು. ಮೊದಲ ಎರಡು ಸಲ ಏನು ತಪ್ಪಿತು ಅಂತ ಬಿಡಿಸಿ ಹೇಳುತ್ತೇನೆ, ಕಲಿಯುವುದು ಅಲ್ಲೇ ಜಾಸ್ತಿ ಇದೆ.

ಮೊದಲ ದಿನ: ಸುಮ್ನೆ ಕಾಪಿ

ಮೊದಲ ದಿನ ನಾನು ಅವಸರ ಮಾಡಿದೆ. ಎಕ್ಸ್‌ಟರ್ನಲ್ ಡ್ರೈವ್ ಚುಚ್ಚಿ, ಬೇಕಾದ ಫೋಲ್ಡರುಗಳನ್ನು ಆರಿಸಿ, ಕಾಪಿ ಪೇಸ್ಟ್ ಕೊಟ್ಟೆ. "ನೀವು ನಿಮ್ಮ ಕೆಲಸ ಮಾಡ್ತಾ ಇರಿ ಅಕ್ಕಾ" ಅಂದೆ. ಅವರು ಮಾಡುತ್ತಲೇ ಇದ್ದರು.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದು ಪೆಟ್ಟಿಗೆ ಎದ್ದಿತು. ಔಟ್‌ಲುಕ್‌ನ ಮೇಲ್ ಫೈಲ್ ಬೇರೆ ಪ್ರೋಗ್ರಾಮಿನಲ್ಲಿ ತೆರೆದಿದೆ, ಕಾಪಿ ಮಾಡಲು ಆಗುವುದಿಲ್ಲ ಅಂತ. ಮತ್ತೆ ಪ್ರಯತ್ನಿಸು, ಬಿಟ್ಟುಬಿಡು, ರದ್ದು ಮಾಡು ಅಂತ ಮೂರು ಬಟನ್. ನಾನು ಆ ಹೊತ್ತಿನಲ್ಲಿ ತೂಕದ ಯಂತ್ರದ ಕೇಬಲ್ ನೋಡುತ್ತಿದ್ದೆ. ಪೆಟ್ಟಿಗೆ ಅಡ್ಡ ಬಂತು ಅಂತ ಅಕ್ಕ "ಬಿಟ್ಟುಬಿಡು" ಒತ್ತಿದರು. ಹಲವು ವರ್ಷದ ಮೇಲ್ ಇದ್ದ ಆ ಒಂದು ಫೈಲ್ ಕಾಪಿಯಿಂದ ಹೊರಗುಳಿಯಿತು. ಇದು ಕಣ್ಣಿಗೆ ಕಾಣುವ ತೊಂದರೆ. ಔಟ್‌ಲುಕ್ ಮುಚ್ಚಿ ಮತ್ತೆ ಕಾಪಿ ಮಾಡಿದರೆ ಮುಗಿಯಿತು.

ಅಕ್ಕ ಪಟ್ಟಿ ಬರೆಯುವ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ. ಅದರ ಡೇಟಾ ಫೋಲ್ಡರಿನದು ಬೇರೆ ಕಥೆ. ಅದು ಯಾವ ಪೆಟ್ಟಿಗೆಯನ್ನೂ ಎಬ್ಬಿಸಲಿಲ್ಲ. ಸದ್ದಿಲ್ಲದೆ ಕಾಪಿ ಆಯಿತು.

ಬ್ಯಾಕಪ್ ಆದ ಮೇಲೆ ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡುವುದು ನನ್ನ ಅಭ್ಯಾಸ. ಸಂಜೆ ನನ್ನ ಲ್ಯಾಪ್‌ಟಾಪಿನಲ್ಲಿ, ಲೈಸೆನ್ಸ್ ಇಲ್ಲದೆ ಓಡುವ ಟ್ಯಾಲಿಯ ಎಜುಕೇಷನಲ್ ಮೋಡಿನಲ್ಲಿ ಆ ಡೇಟಾ ತೆರೆಯಲು ಹೋದೆ. ಲೆಕ್ಕ ಬರೆಯಲು ತಾರೀಖಿನ ಮಿತಿ ಇದ್ದರೂ ಡೇಟಾ ನೋಡಲು ಆ ಮೋಡ್ ಸಾಕು. ಕಂಪನಿ (ಒಂದು ವ್ಯಾಪಾರದ ಪೂರ್ತಿ ಲೆಕ್ಕಕ್ಕೆ ಟ್ಯಾಲಿಯಲ್ಲಿ ಹೀಗೆ ಅನ್ನುತ್ತಾರೆ) ತೆರೆಯಲಿಲ್ಲ, ಡೇಟಾದಲ್ಲಿ ದೋಷ ಇದೆ ಅಂತ ಬಂತು. ಕಾಪಿಯ ಮೇಲೆಯೇ ರಿಪೇರಿ ಓಡಿಸಿದೆ. ತೆರೆಯಿತು. ಆದರೆ ಬೆಳಿಗ್ಗೆ ಕಾಪಿ ನಡೆಯುವಾಗ ಅಕ್ಕ ಸೇವ್ ಮಾಡಿದ್ದ ನಾಲ್ಕು ಪಟ್ಟಿಯಲ್ಲಿ ಎರಡು ಇರಲಿಲ್ಲ. ಸ್ಟಾಕಿನ ತೂಕಕ್ಕೂ ಉಳಿದ ಪಟ್ಟಿಗಳಿಗೂ ತಾಳೆ ಬೀಳಲಿಲ್ಲ.

ಕಾಪಿಯಾದ ಫೈಲುಗಳ ಸಮಯ ಒಂದೊಂದಾಗಿ ನೋಡಿದೆ. ಆ ಒಂದು ಫೋಲ್ಡರ್ ಕಾಪಿಯಾಗಲು ಹಿಡಿದದ್ದು ಮೂರು ನಿಮಿಷ, ಅಷ್ಟೇ. ಟ್ಯಾಲಿಯ ಈಗಿನ ಆವೃತ್ತಿ ಟ್ಯಾಲಿಪ್ರೈಮ್‌ನಲ್ಲಿ ಒಂದು ಕಂಪನಿಯ ಲೆಕ್ಕ ಒಂದೇ ಫೈಲಿನಲ್ಲಿ ಇರುವುದಿಲ್ಲ. 1800 ಅಂತ ಕೊನೆಯಾಗುವ ಹೆಸರಿನ ಹಲವು ಫೈಲುಗಳಲ್ಲಿ ಹಂಚಿರುತ್ತದೆ, ಒಂದು ಇನ್ನೊಂದನ್ನು ನಂಬಿಕೊಂಡಿರುತ್ತದೆ. ಒಂದು ಪಟ್ಟಿ ಸೇವ್ ಮಾಡಿದರೆ ಹಲವು ಫೈಲುಗಳು ಒಟ್ಟಿಗೆ ಬದಲಾಗುತ್ತವೆ. ನಮ್ಮ ಕಾಪಿಯಲ್ಲಿ ಮೊದಲು ಹೋದ ಫೈಲುಗಳು ಪಟ್ಟಿ ಬರೆಯುವ ಮೊದಲಿನವು, ಕೊನೆಗೆ ಹೋದವು ಬರೆದ ಮೇಲಿನವು. ತಪ್ಪು ಟ್ಯಾಲಿಯದಲ್ಲ. ತೆರೆದಿಟ್ಟ ಲೆಕ್ಕವನ್ನು ಅದು ಬದಲಾಗುತ್ತಿರುವಾಗಲೇ ಎತ್ತಿಕೊಂಡದ್ದು ನಾನು. ಟ್ಯಾಲಿಯಲ್ಲಿ ತನ್ನದೇ ಬ್ಯಾಕಪ್ ಆಯ್ಕೆ ಇದೆ, ಅದನ್ನು ಬಳಸಬಹುದಿತ್ತು.

ಮರುದಿನ ಬೆಳಿಗ್ಗೆ ಯಜಮಾನರಿಗೆ ಇದನ್ನು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಗೋದಾಮಿನ ಬಾಗಿಲು ತೆರೆದಿತ್ತು. "ನೀವು ಒಳಗೆ ಚೀಲ ಎಣಿಸ್ತಾ ಇದ್ದೀರಿ ಅಂದುಕೊಳ್ಳಿ. ಈ ಸಾಲು ಎಣಿಸಿ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಹಮಾಲರು ಆ ಸಾಲಿನ ಹತ್ತು ಚೀಲ ತಂದು ಈ ಸಾಲಿಗೆ ಹಾಕಿದ್ರೆ?" ಅಂದೆ.

"ಹತ್ತು ಚೀಲ ಲೆಕ್ಕಕ್ಕೇ ಬರಲ್ಲ" ಅಂದರು. "ಆ ಕಡೆಗೆ ಹಾಕಿದ್ರೆ ಎರಡು ಸಲ ಬರ್ತದೆ. ಅದಕ್ಕೇ ಎಣಿಕೆ ದಿನ ಹಮಾಲರನ್ನ ಹೊರಗೆ ಕೂರಿಸ್ತೀವಿ."

ಕಾಪಿ ಪೇಸ್ಟ್ ಮಾಡುವಾಗ ಆಗುವುದು ಇದೇ. ಆ ಕಾಪಿ 11 ಗಂಟೆಯದೂ ಅಲ್ಲ, 11 ಗಂಟೆ 3 ನಿಮಿಷದ್ದೂ ಅಲ್ಲ. ಯಾವ ಕ್ಷಣದ್ದೂ ಅಲ್ಲ. ಹಾಗೆ ಇದ್ದ ಲೆಕ್ಕ ಆ ಕಂಪ್ಯೂಟರಿನಲ್ಲಿ ಒಂದು ಕ್ಷಣಕ್ಕೂ ಇರಲಿಲ್ಲ. ಫೋಟೊ, ಹಾಡು, ಹಳೆಯ ಬಿಲ್ಲಿನ ಪಿಡಿಎಫ್ ಇಂಥದ್ದಕ್ಕೆ ಇದರಿಂದ ಏನೂ ಆಗುವುದಿಲ್ಲ. ಅವು ತಮ್ಮ ಪಾಡಿಗೆ ಇರುತ್ತವೆ. ಒಂದಕ್ಕೊಂದು ಹೆಣೆದುಕೊಂಡ ಫೈಲುಗಳಿಗೆ ಮಾತ್ರ ಏಟು ಬೀಳುತ್ತದೆ. ಮತ್ತು ನಾವು ಕಳೆದುಕೊಂಡರೆ ಅಳುವಂಥ ಲೆಕ್ಕ, ಡೇಟಾಬೇಸ್, ಮೇಲ್ ಎಲ್ಲ ಈ ಜಾತಿಯವೇ ಅಲ್ವಾ?

ಹಮಾಲರನ್ನು ಹೊರಗೆ ಕಳಿಸದೆ ಎಣಿಸುವುದು

ಕೆಲಸ ನಿಲ್ಲಬಾರದು, ಆದರೂ ಬ್ಯಾಕಪ್ ಒಂದು ಕ್ಷಣದ್ದಾಗಿರಬೇಕು. ಇದಕ್ಕೆ ವಿಂಡೋಸಿನ ಒಳಗೇ ಒಂದು ವ್ಯವಸ್ಥೆ ಇದೆ. ವಾಲ್ಯೂಮ್ ಶ್ಯಾಡೋ ಕಾಪಿ ಅಂತ ಅದರ ಹೆಸರು, ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇದೆ. ಈ ಕೆಲಸ ಮಾಡುವವರು ವಿಎಸ್‌ಎಸ್ ಅನ್ನುತ್ತಾರೆ.

ಅದು ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ಒಂದು ದೊಡ್ಡ ಲೆಕ್ಕದ ಪುಸ್ತಕವನ್ನು ಒಬ್ಬ ನಕಲು ಮಾಡುತ್ತಿದ್ದಾನೆ. ಅದೇ ಪುಸ್ತಕದಲ್ಲಿ ಇನ್ನೊಬ್ಬರು ಬರೆಯುತ್ತಲೂ ಇರಬೇಕು. ಹಾಗಾದರೆ ಒಂದು ಕಟ್ಟಳೆ ಮಾಡೋಣ. ಯಾವುದಾದರೂ ಸಾಲನ್ನು ಅಳಿಸಿ ಹೊಸದು ಬರೆಯುವ ಮೊದಲು, ಹಳೆಯ ಸಾಲನ್ನು ಪಕ್ಕದ ಒಂದು ಕಿರುಪುಸ್ತಕಕ್ಕೆ ಇಳಿಸಿಕೊಳ್ಳಬೇಕು. ನಕಲು ಮಾಡುವವನು ಬದಲಾಗದ ಸಾಲನ್ನು ದೊಡ್ಡ ಪುಸ್ತಕದಿಂದ ಓದುತ್ತಾನೆ, ಬದಲಾದ ಸಾಲನ್ನು ಕಿರುಪುಸ್ತಕದಿಂದ ಓದುತ್ತಾನೆ. ನಕಲು ಮುಗಿಯಲು ಎರಡು ಗಂಟೆ ಹಿಡಿದರೂ ಅವನ ಕೈಯಲ್ಲಿ ಬರುವುದು ಶುರು ಮಾಡಿದ ಕ್ಷಣದ ಪುಸ್ತಕವೇ. ಬರೆಯುವವರು ಕೈ ನಿಲ್ಲಿಸಬೇಕಿಲ್ಲ. ಇಂಥ ಒಂದು ಕ್ಷಣದ ನೋಟಕ್ಕೆ ಸ್ನ್ಯಾಪ್‌ಶಾಟ್ ಅಂತ ಹೆಸರು.

ವಿಎಸ್‌ಎಸ್ ಈ ಕೆಲಸವನ್ನು 16 ಕೆಬಿಯ ತುಂಡುಗಳಲ್ಲಿ ಮಾಡುತ್ತದೆ. ಸ್ನ್ಯಾಪ್‌ಶಾಟ್ ಹಿಡಿಯುವ ಹೊತ್ತಿಗೆ ಮಾತ್ರ ಡಿಸ್ಕಿಗೆ ಬರೆಯುವುದನ್ನು ತಡೆದು ಹಿಡಿಯುತ್ತದೆ, ಅದೂ ಹೆಚ್ಚೆಂದರೆ 10 ಸೆಕೆಂಡ್. ಮ್ಯಾಕ್ ಮತ್ತು ಲಿನಕ್ಸಿನಲ್ಲೂ ಸ್ನ್ಯಾಪ್‌ಶಾಟ್ ಇದೆ, ಹೆಸರು ಮತ್ತು ಒಳಗಿನ ಕೆಲಸ ಬೇರೆ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಸ್ನ್ಯಾಪ್‌ಶಾಟ್ ಹಿಡಿಯುವ ಮೊದಲು ವಿಎಸ್‌ಎಸ್ ತನಗೆ ಗೊತ್ತಿರುವ ಪ್ರೋಗ್ರಾಮುಗಳಿಗೆ "ಕೈಯಲ್ಲಿರುವ ಕೆಲಸ ಮುಗಿಸಿ ಒಂದು ಕ್ಷಣ ನಿಲ್ಲು" ಅಂತ ಹೇಳುತ್ತದೆ. ಹೀಗೆ ಮಾತು ಕೇಳುವ ಭಾಗಕ್ಕೆ ರೈಟರ್ ಅನ್ನುತ್ತಾರೆ. ಎಸ್‌ಕ್ಯೂಎಲ್ ಸರ್ವರಿನಂಥ ಡೇಟಾಬೇಸಿಗೆ ರೈಟರ್ ಇದೆ. ಮಂಡಿಯ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ರೈಟರುಗಳ ಪಟ್ಟಿ ತೆಗೆದೆ. ಎಲ್ಲದರ ಎದುರೂ ಸ್ಟೇಬಲ್, ನೋ ಎರರ್ ಅಂತ ಇತ್ತು. ಟ್ಯಾಲಿಯ ಹೆಸರು ಆ ಪಟ್ಟಿಯಲ್ಲಿ ಕಾಣಲಿಲ್ಲ. ಅಂದರೆ ಟ್ಯಾಲಿ ತೆರೆದಿದ್ದಾಗ ಸ್ನ್ಯಾಪ್‌ಶಾಟ್ ಹಿಡಿದರೆ, ಆ ಕ್ಷಣಕ್ಕೆ ಕರೆಂಟ್ ಹೋದರೆ ಡಿಸ್ಕಿನಲ್ಲಿ ಏನು ಉಳಿಯುತ್ತದೋ ಅದು ಸಿಗುತ್ತದೆ. ಬಹಳ ಸಲ ಅದು ಸರಿಯಾಗಿಯೇ ತೆರೆಯುತ್ತದೆ. ಆದರೆ ಇಡೀ ವರ್ಷದ ಲೆಕ್ಕವನ್ನು "ಬಹಳ ಸಲ"ದ ಮೇಲೆ ಬಿಡಲು ನನಗೆ ಮನಸ್ಸಿರಲಿಲ್ಲ. ಸ್ನ್ಯಾಪ್‌ಶಾಟಿನ ಹೊತ್ತಿಗೆ ಎರಡು ನಿಮಿಷ ಕಂಪನಿ ಮುಚ್ಚುವುದು, ಆಮೇಲೆ ತೆರೆದು ಕೆಲಸ ಮುಂದುವರಿಸುವುದು ಅಂತ ತೀರ್ಮಾನ ಆಯಿತು.

ಎರಡನೇ ದಿನ: ಮದುವೆಯ ವಿಡಿಯೊ

ಬ್ಯಾಕಪ್ಪಿಗೆ ಡಿಸ್ಕ್2ವಿಎಚ್‌ಡಿ ಅನ್ನುವ ಚಿಕ್ಕ ಪ್ರೋಗ್ರಾಂ ಆರಿಸಿದೆ. ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸರಣಿಯದು, ಉಚಿತ, ಇನ್‌ಸ್ಟಾಲ್ ಮಾಡುವುದೂ ಬೇಡ. ಓಡುತ್ತಿರುವ ವಿಂಡೋಸಿನ ಪೂರ್ತಿ ಡಿಸ್ಕನ್ನು ವಿಎಸ್‌ಎಸ್ ಮೂಲಕ ಒಂದೇ ಫೈಲಾಗಿ ಇಳಿಸುತ್ತದೆ. ಆ ಫೈಲನ್ನು ವಿಂಡೋಸ್ 10ರಲ್ಲಿ ಡಬಲ್ ಕ್ಲಿಕ್ ಮಾಡಿದರೆ ಇನ್ನೊಂದು ಡ್ರೈವಿನಂತೆ ತೆರೆದುಕೊಳ್ಳುತ್ತದೆ. ಎಕ್ಸ್‌ಟರ್ನಲ್ ಡ್ರೈವಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಆಗಿದೆಯಾ ಅಂತ ಮೊದಲೇ ನೋಡಿಕೊಂಡೆ. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ. ಕಂಪ್ಯೂಟರ್ ತಾನಾಗಿ ಮಲಗದ ಹಾಗೆ ಸ್ಲೀಪ್ ಸೆಟ್ಟಿಂಗ್ ತೆಗೆದೆ. ಯುಪಿಎಸ್ ಸರಿಯಾಗಿ ಹಿಡಿಯುತ್ತದಾ ಅಂತ ಪ್ಲಗ್ ಕಿತ್ತು ನೋಡಿದೆ.

ಮಧ್ಯಾಹ್ನ 1 ಗಂಟೆಗೆ ಕಂಪನಿ ಮುಚ್ಚಿ ಶುರು ಮಾಡಿದೆವು. ಸ್ನ್ಯಾಪ್‌ಶಾಟ್ ಒಂದು ನಿಮಿಷದೊಳಗೆ ಆಯಿತು, ಬಾರ್ ಓಡತೊಡಗಿತು. ಅಕ್ಕ ಊಟ ಮುಗಿಸಿ ಬಂದು ಟ್ಯಾಲಿ ತೆರೆದರು. ಬಾರ್ ಮಾತ್ರ ಆಮೆಯ ಹಾಗೆ ಹೋಗುತ್ತಿತ್ತು. ಬಗ್ಗಿ ನೋಡಿದರೆ, ಕೈಗೆ ಸಿಗುತ್ತದೆ ಅಂತ ಡ್ರೈವನ್ನು ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ ಚುಚ್ಚಿದ್ದೆ. ಅದು ಯುಎಸ್‌ಬಿ 2.0. ಸೆಕೆಂಡಿಗೆ 30 ಎಂಬಿ ಸಿಕ್ಕರೆ ಹೆಚ್ಚು. ಆ ಲೆಕ್ಕದಲ್ಲಿ 400 ಜಿಬಿಗೆ ಮೂರೂವರೆ ಗಂಟೆ ದಾಟುತ್ತದೆ. ಹಿಂದೆ, ಒಳಗೆ ನೀಲಿ ಪಟ್ಟಿ ಇರುವ ಯುಎಸ್‌ಬಿ 3.0 ಪೋರ್ಟ್ ಇತ್ತು. ನಡುವೆ ಕಿತ್ತರೆ ಎಲ್ಲ ಮತ್ತೆ ಮೊದಲಿನಿಂದ. ಹೇಗೂ ಸಂಜೆಯವರೆಗೆ ಟೈಮ್ ಇದೆ ಅಂತ ಬಿಟ್ಟೆ.

ಮೂರೂವರೆಗೆ ಬ್ಯಾಕಪ್ ಬಿದ್ದುಹೋಯಿತು.

ವಿಂಡೋಸ್ ತನ್ನ ಎರರುಗಳನ್ನು ಬರೆದಿಡುವ ಇವೆಂಟ್ ವ್ಯೂವರಿನಲ್ಲಿ ವಾಲ್‌ಸ್ನ್ಯಾಪ್ ಹೆಸರಿನಲ್ಲಿ 25ನೇ ನಂಬರಿನ ಎರರ್ ಇತ್ತು. ಶ್ಯಾಡೋ ಕಾಪಿಯ ಜಾಗ ಸಮಯಕ್ಕೆ ಬೆಳೆಯಲು ಆಗಲಿಲ್ಲ, ಆದ್ದರಿಂದ ಶ್ಯಾಡೋ ಕಾಪಿ ಅಳಿಸಿದೆ ಅಂತ ಅದರ ಅರ್ಥ. ಅಕ್ಕನ ಪಟ್ಟಿಗಳಿಂದ ಇಷ್ಟು ಆಗಲು ಸಾಧ್ಯವೇ ಇಲ್ಲ. ವಿಚಾರಿಸಿದಾಗ ಗೊತ್ತಾಯಿತು. ನಾನು ಟೀ ಕುಡಿಯಲು ಹೋಗಿದ್ದಾಗ ಯಜಮಾನರ ಅಣ್ಣನ ಮಗ ಬಂದು ಮನೆಯ ಮದುವೆಯ ವಿಡಿಯೊ ಕಾಪಿಗೆ ಹಾಕಿದ್ದ. ಐವತ್ತು ಜಿಬಿಗೂ ಮೇಲೆ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಅವನ ತಪ್ಪೇನೂ ಇಲ್ಲ.

ಆ ಕಿರುಪುಸ್ತಕ ಇರುವುದು ಇದೇ ಡಿಸ್ಕಿನ ಖಾಲಿ ಜಾಗದಲ್ಲಿ. ಬರೆಯುವ ಕೆಲಸ ಹೆಚ್ಚಾದ ಹಾಗೆ ಅದು ದಪ್ಪ ಆಗುತ್ತಾ ಹೋಗಬೇಕು. ಇದ್ದ ಖಾಲಿ ಜಾಗವನ್ನೆಲ್ಲ ವಿಡಿಯೊ ನುಂಗಿತು. ಹಳೆಯ ಸಾಲು ಇಳಿಸಿಕೊಳ್ಳಲು ಹಾಳೆ ಇಲ್ಲ ಅಂದಾಗ ವಿಂಡೋಸ್ ಸ್ನ್ಯಾಪ್‌ಶಾಟನ್ನೇ ಕೈಬಿಡುತ್ತದೆ, ಮೂಲ ಡಿಸ್ಕಿನ ಕೆಲಸ ನಿಲ್ಲಿಸುವುದಿಲ್ಲ. ಅದು ಸರಿಯಾದ ಕ್ರಮವೇ. ಇಲ್ಲದಿದ್ದರೆ ಅಕ್ಕನ ಪಟ್ಟಿ ಸೇವ್ ಆಗುತ್ತಿರಲಿಲ್ಲ. ಹಾಗಾಗಿ ಬ್ಯಾಕಪ್ ನಡೆಯುವಾಗ ಲೆಕ್ಕ ಬರೆಯಿರಿ, ಮೇಲ್ ನೋಡಿ, ಟೈಪ್ ಮಾಡಿ. ದೊಡ್ಡ ಫೈಲ್ ತುಂಬಿಸುವುದು, ವಿಂಡೋಸ್ ಅಪ್‌ಡೇಟ್ ಹಾಕುವುದು, ಹೊಸ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವುದು ಆಮೇಲೆ ಇರಲಿ.

ಮೂರನೇ ದಿನ

ಮದುವೆಯ ವಿಡಿಯೊವನ್ನು ಬೇರೆ ಕಡೆಗೆ ಸಾಗಿಸಿದೆವು. ಡ್ರೈವನ್ನು ಹಿಂದಿನ ನೀಲಿ ಪೋರ್ಟಿಗೆ ಹಾಕಿದೆ. ಮಾನಿಟರಿನ ಅಂಚಿಗೆ "ಬ್ಯಾಕಪ್ ನಡೆಯುತ್ತಿದೆ, ಪೆನ್ ಡ್ರೈವ್ ಹಾಕಬೇಡಿ" ಅಂತ ಅಕ್ಕ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದರು.

ಕಂಪನಿ ಮುಚ್ಚುವ ಮೊದಲು ಒಂದು ಕೆಲಸ ಮಾಡಿಸಿದೆ. ಹಳೆಯ ಪಟ್ಟಿಯ ಹಿಂಬದಿಯಲ್ಲಿ ಅಕ್ಕ ಬಾಲ್ ಪೆನ್ನಿನಲ್ಲಿ ಬರೆದರು: ಜನವರಿ 10, ಮಧ್ಯಾಹ್ನ 1-10, ಕೊನೆಯ ಪಟ್ಟಿ 1846. ಚೀಟಿಯನ್ನು ಮಡಚಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು.

1-12ಕ್ಕೆ ಟ್ಯಾಲಿ ಮತ್ತೆ ತೆರೆಯಿತು. ಎರಡು ನಿಮಿಷಕ್ಕಿಂತ ಜಾಸ್ತಿ ಕೆಲಸ ನಿಲ್ಲಲಿಲ್ಲ. ಆದರೆ ಒಂದು ಪಟ್ಟಿ ಸೇವ್ ಆಗಲು ಮೊದಲು ಒಂದು ಸೆಕೆಂಡ್ ಸಾಕಿತ್ತು, ಈಗ ಐದಾರು ಸೆಕೆಂಡ್. "ಇದೇನು ತಮ್ಮಾ, ಬರೆದದ್ದು ಹೋಯ್ತಾ ಇಲ್ವಾ ಗೊತ್ತಾಗ್ತಿಲ್ಲ" ಅಂದರು. ಎರಡೆರಡು ಸಲ ಎಂಟರ್ ಒತ್ತಬೇಡಿ, ಸ್ವಲ್ಪ ತಾಳಿ ಅಂದೆ.

ಈ ನಿಧಾನಕ್ಕೆ ಕಾರಣ ತಿರುಗುವ ಡಿಸ್ಕಿನ ರಚನೆ. ನಿಮಿಷಕ್ಕೆ 7200 ಸುತ್ತು ಅಂದರೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಓದುವ ಹೆಡ್ ಬೇಕಾದ ಕಡೆಗೆ ಜರುಗಬೇಕು, ಆಮೇಲೆ ಬೇಕಾದ ಜಾಗ ತಿರುಗಿ ಅದರ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಎರಡೂ ಸೇರಿದರೆ ಒಂದು ನೆಗೆತಕ್ಕೆ 12-13 ಮಿಲಿಸೆಕೆಂಡ್ ಹಿಡಿಯುತ್ತದೆ. ಹಾಗೆ ನೋಡಿದರೆ ಸೆಕೆಂಡಿಗೆ ಎಂಬತ್ತು ನೆಗೆತ ಆದರೆ ದೊಡ್ಡದು. ಬ್ಯಾಕಪ್ ಒಂದೇ ಆದರೆ ಹೆಡ್ ಹೆಚ್ಚು ಕಡಿಮೆ ಸಾಲಾಗಿ ಓದುತ್ತಾ ಹೋಗುತ್ತದೆ, ಸೆಕೆಂಡಿಗೆ 100 ಎಂಬಿ ಸಿಗುತ್ತದೆ. ನಡುವೆ ಟ್ಯಾಲಿ ಕರೆದಾಗಲೆಲ್ಲ ಅಲ್ಲಿಗೆ ನೆಗೆದು ಮತ್ತೆ ವಾಪಸ್ ಬರಬೇಕು. ಅದರ ಮೇಲೆ ವಿಎಸ್‌ಎಸ್‌ನ ಕಟ್ಟಳೆ ಬೇರೆ. ಒಂದು ತುಂಡನ್ನು ಮೊದಲ ಸಲ ಬದಲಾಯಿಸುವಾಗ ಹಳೆಯದನ್ನು ಓದಬೇಕು, ಕಿರುಪುಸ್ತಕಕ್ಕೆ ಬರೆಯಬೇಕು, ಆಮೇಲೆ ಹೊಸದನ್ನು ಬರೆಯಬೇಕು. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ಅಂತ ಕೆಂಪಾಗಿ ಕೂತಿತ್ತು, ಪ್ರೊಸೆಸರ್ ಮಾತ್ರ ಸುಮಾರಾಗಿ ಖಾಲಿ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ನೆಗೆಯುವ ಹೆಡ್ಡೂ ಇಲ್ಲ. ಅಲ್ಲಿ ಬ್ಯಾಕಪ್ ನಡೆಯುತ್ತಿದೆ ಅಂತ ಬಹಳ ಸಲ ಗೊತ್ತೇ ಆಗುವುದಿಲ್ಲ.

ಈ ಡಿಸ್ಕ್ ಹಳೆಯದಾದರೂ ಆರೋಗ್ಯವಾಗಿತ್ತು, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರುಗಳು ಇರಲಿಲ್ಲ. ಅದನ್ನು ನೋಡಿಯೇ ಮುಂದುವರಿದದ್ದು. ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದ್ದರೆ, ಪೆಂಡಿಂಗ್ ಸೆಕ್ಟರ್ (ಓದಲು ತೊಡಕಾಗುತ್ತಿರುವ ಜಾಗ) ಸಂಖ್ಯೆ ಏರುತ್ತಿದ್ದರೆ ನಾನು ಯಜಮಾನರ ಮಾತು ಕೇಳುತ್ತಿರಲಿಲ್ಲ. ಆಗ ಕೆಲಸ ನಿಲ್ಲಿಸಲೇಬೇಕು. ಸಾಯುತ್ತಿರುವ ಡಿಸ್ಕಿನ ಒಂದೊಂದು ನೆಗೆತವೂ ಬ್ಯಾಕಪ್ಪಿಗೇ ಮೀಸಲು.

3-25ಕ್ಕೆ ಬ್ಯಾಕಪ್ ಮುಗಿಯಿತು. ಎರಡು ಗಂಟೆ ಕಾಲು. ಅಷ್ಟರಲ್ಲಿ ಅಕ್ಕ 19 ಪಟ್ಟಿ ಬರೆದಿದ್ದರು.

ಯಾವ ಹೊತ್ತಿನ ಬ್ಯಾಕಪ್?

ಡ್ರೈವ್ ತೆಗೆಯುವಾಗ ಅಕ್ಕ ಕೇಳಿದರು: "ಊಟದ ಮೇಲೆ ಬರೆದದ್ದೂ ಇದರಲ್ಲಿ ಬಂದಿರ್ತದಲ್ವಾ?"

ಬಂದಿರುವುದಿಲ್ಲ. ಬ್ಯಾಕಪ್ 3-25ಕ್ಕೆ ಮುಗಿದರೂ ಅದರೊಳಗೆ ಇರುವುದು 1-10ರ ಲೆಕ್ಕ. ಮುಗಿದ ಸಮಯವನ್ನೇ ಬ್ಯಾಕಪ್ಪಿನ ಸಮಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಫೈಲಿನ ಮೇಲೆ ತೋರಿಸುವ ಸಮಯವೂ ಹಾಗೇ ಅನ್ನಿಸುತ್ತದೆ. ಆ ನಂಬಿಕೆಯಲ್ಲಿ ಸಂಜೆ ಡಿಸ್ಕ್ ಬದಲಾಯಿಸಿದ್ದರೆ 19 ರೈತರ ಪಟ್ಟಿ ಹೋಗಿರುತ್ತಿತ್ತು. ಅವರ ಕೈಯಲ್ಲಿ ಪ್ರಿಂಟ್ ಇರುತ್ತದೆ, ನಮ್ಮ ಲೆಕ್ಕದಲ್ಲಿ ಅವರ ಹೆಸರೇ ಇರುವುದಿಲ್ಲ. ಮಂಡಿಯವರ ಮೇಲೆ ರೈತರು ಇಟ್ಟ ನಂಬಿಕೆ ಒಂದೇ ಸಲಕ್ಕೆ ಕಳಚುವಂಥ ವಿಷಯ ಅದು. ಬಾಗಿಲು ಹಾಕುವ ಮೊದಲು ಟ್ಯಾಲಿಯ ಒಳಗಿನಿಂದಲೇ ಇನ್ನೊಂದು ಬ್ಯಾಕಪ್ ತೆಗೆದು ಪೆನ್ ಡ್ರೈವಿಗೆ ಹಾಕಿದೆವು. ಅದರಲ್ಲಿ 1865ರವರೆಗೆ ಇತ್ತು.

ರಾತ್ರಿ ಮನೆಯಲ್ಲಿ ಡ್ರೈವ್ ಚುಚ್ಚಿ, ಆ ದೊಡ್ಡ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಹೊಸ ಡ್ರೈವ್ ಅಕ್ಷರದಲ್ಲಿ ಮಂಡಿಯ ಸಿ ಡ್ರೈವ್ ಪೂರ್ತಿ ತೆರೆದುಕೊಂಡಿತು. ಡೆಸ್ಕ್‌ಟಾಪಿನ ಫೋಲ್ಡರುಗಳು, ಪಹಣಿಯ ಸ್ಕ್ಯಾನುಗಳು, ಮೊದಲ ದಿನ ಬಿಟ್ಟುಹೋಗಿದ್ದ ಮೇಲ್ ಫೈಲ್ ಎಲ್ಲ ಇದ್ದವು. ಟ್ಯಾಲಿಯ ಫೋಲ್ಡರನ್ನು ಬೇರೆ ಕಡೆ ಇಳಿಸಿ ತೆರೆದೆ. ಎರರ್ ಇಲ್ಲ, ರಿಪೇರಿ ಬೇಡ. ಕೊನೆಯ ಪಟ್ಟಿ 1846. ಸ್ಟಾಕಿನ ತೂಕ ತಾಳೆ ಬಿತ್ತು. ಅಕ್ಕನಿಗೆ ಫೋನ್ ಮಾಡಿ ನಂಬರ್ ಹೇಳಿದೆ. ಅವರು ಕನ್ನಡಕದ ಡಬ್ಬಿ ತೆಗೆದು ಚೀಟಿ ನೋಡಿ "ಹೌದು, ಅದೇ" ಅಂದರು.

11ನೇ ತಾರೀಖು ಜಿಎಸ್‌ಟಿ ಕೆಲಸ ಮುಗಿಯಿತು. ಆ ವಾರದ ಭಾನುವಾರ ಎಸ್‌ಎಸ್‌ಡಿ ಹಾಕಿದೆ. ವಿಂಡೋಸ್ ಹೊಸದಾಗಿ ಹಾಕಿ, ಉಳಿದ ಫೈಲುಗಳನ್ನು ಆ ಬ್ಯಾಕಪ್ಪಿನಿಂದ, ಲೆಕ್ಕವನ್ನು ಶನಿವಾರ ಸಂಜೆಯ ಟ್ಯಾಲಿ ಬ್ಯಾಕಪ್ಪಿನಿಂದ ತುಂಬಿದೆ. ಹಳೆಯ ಡಿಸ್ಕನ್ನು ಹಾಗೇ ತಾರೀಖು ಬರೆದು ಕಪಾಟಿನಲ್ಲಿ ಇಡಿಸಿದ್ದೇನೆ. ವಿಂಡೋಸಿನ ಶ್ಯಾಡೋ ಕಾಪಿ ಒಳಗೇ ಇದೆಯಲ್ಲ, ಎಕ್ಸ್‌ಟರ್ನಲ್ ಡ್ರೈವ್ ಇನ್ನು ಯಾಕೆ ಅಂತ ಯಜಮಾನರ ಅಣ್ಣನ ಮಗ ಕೇಳಿದ. ಅದು ಇರುವುದು ಅದೇ ಡಿಸ್ಕಿನಲ್ಲಿ, ಡಿಸ್ಕ್ ಹೋದರೆ ಅದೂ ಹೋಗುತ್ತದೆ ಅಂದೆ.

ಈಗ ಪ್ರತಿ ಶನಿವಾರ ಬುತ್ತಿ ಬಿಚ್ಚುವ ಮೊದಲು ಅಕ್ಕ ಕಂಪನಿ ಮುಚ್ಚುತ್ತಾರೆ, ಡ್ರೈವನ್ನು ನೀಲಿ ಪೋರ್ಟಿಗೆ ಹಾಕುತ್ತಾರೆ, ಕೊನೆಯ ಪಟ್ಟಿಯ ನಂಬರನ್ನು ಚೀಟಿಯಲ್ಲಿ ಬರೆದು ಡ್ರೈವಿನ ಚೀಲದೊಳಗೆ ಸೇರಿಸುತ್ತಾರೆ. ಬ್ಯಾಕಪ್ ಶುರುವಾದ ಮೇಲೆ ಕಂಪನಿ ತೆರೆದಿಟ್ಟು ಊಟಕ್ಕೆ ಏಳುತ್ತಾರೆ. ಅಷ್ಟು ಹೊತ್ತಿನಲ್ಲಿ ಯಾರಾದರೂ ರೈತರು ಬಂದರೆ ಯಜಮಾನರೇ ಕೂತು ಪಟ್ಟಿ ಮಾಡಿಕೊಡುತ್ತಾರೆ.